ಕಥೆ ಬರೆಯಬೇಡಿ, ಬಿಕ್ಕಟ್ಟು ಕಟ್ಟಿ: ಫ್ಯಾಂಟಸಿ ರೋಲ್‌ಪ್ಲೇ ಕ್ಯಾಂಪೇನ್ ನಡೆಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಮೇಜಿನ ಸುತ್ತ ನಾಲ್ಕೈದು ಜನ ಕೂತು, ದಾಳ ಉರುಳಿಸುತ್ತ, ಬರೀ ಮಾತಿನಲ್ಲೇ ಒಂದು ಲೋಕ ಕಟ್ಟಿ, ಅದರೊಳಗೆ ತಿಂಗಳುಗಟ್ಟಲೆ ಓಡಾಡುವ ಆಟ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್. ಆಟಗಾರರು ತಲಾ ಒಂದು ಪಾತ್ರ ವಹಿಸುತ್ತಾರೆ. ಉಳಿದದ್ದನ್ನೆಲ್ಲ, ಅಂದರೆ ರಾಜ, ರಾಕ್ಷಸ, ಮಳೆ, ಮಾರುಕಟ್ಟೆಯ ಗದ್ದಲ ಎಲ್ಲವನ್ನೂ, ಗೇಮ್ ಮಾಸ್ಟರ್ ಒಬ್ಬರೇ ನಿಭಾಯಿಸುತ್ತಾರೆ. ಒಂದೇ ಕೂತಾಟಕ್ಕೆ ಮುಗಿದರೆ ಅದು ಒನ್‌ಶಾಟ್. ಅದೇ ಪಾತ್ರಗಳು ಸೆಷನ್ ಮೇಲೆ ಸೆಷನ್ ಮುಂದುವರಿದರೆ ಕ್ಯಾಂಪೇನ್.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಅದು ಪುಟ್ಟ ಸೈನಿಕ ಗೊಂಬೆಗಳ ಯುದ್ಧದಾಟದಿಂದ ಕವಲೊಡೆದು ಬಂದ ಆಟವಾಗಿತ್ತು. ಆ ಹುಟ್ಟಿನ ಗುರುತು ಇಂದಿಗೂ ಮಾಸಿಲ್ಲ. ಕತ್ತಿ ಎಷ್ಟು ಗಾಯ ಮಾಡುತ್ತದೆ, ಬಾಣ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ನಿಯಮಗಳ ರಾಶಿಯೇ ಇದೆ; ಕಥೆ ಹೇಗೆ ಹುಟ್ಟುತ್ತದೆ ಎಂಬುದನ್ನು ಬಹುಪಾಲು ಗೇಮ್ ಮಾಸ್ಟರ್ ಕೈಗೇ ಬಿಡಲಾಗಿದೆ. ಆ ಖಾಲಿ ಜಾಗ ನೋಡಿ ಹೊಸಬರು ಮಾಡುವ ಕೆಲಸ ಒಂದೇ: ಕಾದಂಬರಿ ಬರೆಯಲು ಕೂರುವುದು. ಮೊದಲ ದೃಶ್ಯ, ತಿರುವು, ದ್ರೋಹ, ಅಂತಿಮ ಕಾಳಗ ಎಲ್ಲವೂ ಸಿದ್ಧ. ಆಮೇಲೆ ಎರಡನೇ ಸೆಷನ್‌ನಲ್ಲೇ ಆಟಗಾರರು ದ್ರೋಹ ಮಾಡಬೇಕಿದ್ದ ಮಂತ್ರಿಯನ್ನು ಬಾವಿಗೆ ತಳ್ಳಿರುತ್ತಾರೆ.

ನನ್ನ ವಾದ ಇಷ್ಟೇ. ಏನಾಗುತ್ತದೆ ಎಂದು ಬರೆಯಬೇಡಿ. ಯಾರಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಅವರು ಮುಂದೇನು ಮಾಡುತ್ತಾರೆ, ಇಷ್ಟನ್ನು ಬರೆದಿಡಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿಗೇ ಜೋತುಬಿದ್ದಿವೆ.

ಹಂತ 1: ಪದ್ಧತಿ ಆರಿಸಿಕೊಳ್ಳಿ

ಇದರ ಮೇಲೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟಿದ್ದಾರೆ, ಕಾಸು ಕೊಡದೆ ಇಳಿಸಿಕೊಳ್ಳಬಹುದು. ಇಪ್ಪತ್ತು ಮುಖದ ದಾಳ ಉರುಳಿಸಿ, ಪಾತ್ರದ ಬೋನಸ್ ಕೂಡಿಸಿ, ಗುರಿ ಸಂಖ್ಯೆ ಮುಟ್ಟಿದರೆ ಗೆದ್ದಂತೆ. ಕಾಳಗ, ಮಂತ್ರ, ಲೆವೆಲ್ ಏರುವ ಖುಷಿ ಬೇಕೆನ್ನುವ ಗುಂಪಿಗೆ ಇದು ಸರಿ.

ಕಾಳಗಕ್ಕಿಂತ ಸಂಬಂಧ, ಸಂಧಿ, ಸಂಚು ಹೆಚ್ಚು ಇಷ್ಟವಾದರೆ ಎರಡು ಆರುಮುಖದ ದಾಳಗಳ ಪದ್ಧತಿ ನೋಡಿ. ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟದಿಂದ ಬೆಳೆದ ಬಳಗ ಅದು. ಹತ್ತು ಅಥವಾ ಮೇಲೆ ಬಿದ್ದರೆ ಪೂರ್ತಿ ಗೆಲುವು, ಏಳರಿಂದ ಒಂಬತ್ತಾದರೆ ಬೆಲೆ ತೆತ್ತು ಗೆಲುವು, ಆರು ಅಥವಾ ಕೆಳಗಾದರೆ ಗೇಮ್ ಮಾಸ್ಟರ್ ಕೈಗೆ ಚಾಟಿ. ಬೋನಸ್ ಏನೂ ಇಲ್ಲದಿದ್ದರೆ ಆ ನಡುವಿನ ‘ಗೆದ್ದರೂ ಬೆಲೆ ತೆರಬೇಕು’ ಎಂಬ ಫಲ ಬೀಳುವ ಸಾಧ್ಯತೆ ಶೇ 42ರಷ್ಟು. ಅಂದರೆ ದಾಳವೇ ಹೊಸ ತೊಡಕುಗಳನ್ನು ತಂದುಕೊಡುತ್ತಿರುತ್ತದೆ, ನೀವು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆಟಗಾರರು ಮೂವರಿಂದ ಐವರು ಸಾಕು. ಆರನೆಯವರು ಸೇರಿದ ಕೂಡಲೇ ಪ್ರತಿಯೊಬ್ಬರ ಸರದಿಗೂ ಕಾಯುವ ಹೊತ್ತು ಹೆಚ್ಚಿ, ಮೇಜಿನಡಿ ಫೋನ್ ಹೊರಬರುತ್ತದೆ. ಸೆಷನ್ ಮೂರರಿಂದ ನಾಲ್ಕು ಗಂಟೆ ಇರಲಿ.

ಹಂತ 2: ಸೆಷನ್ ಝೀರೊ

ಆಟ ಶುರುವಾಗುವ ಮುನ್ನ ಎಲ್ಲರೂ ಕೂತು ಮಾತಾಡುವ ದಿನವಿದು. ಇದನ್ನು ಹಾರಿಸಿ ನೇರ ಆಟಕ್ಕೆ ಇಳಿದ ಗುಂಪುಗಳಲ್ಲಿ ಒಬ್ಬರು ತಮಾಷೆಯ ಸಾಹಸ ಅಂದುಕೊಂಡು, ಇನ್ನೊಬ್ಬರು ಕರಾಳ ದುರಂತ ಅಂದುಕೊಂಡು ಬಂದಿರುತ್ತಾರೆ. ಇಬ್ಬರೂ ಸರಿ, ಆದರೆ ಒಂದೇ ಮೇಜಿಗೆ ಹೊಂದುವುದಿಲ್ಲ.

ಮೊದಲು ಧಾಟಿ ಒಪ್ಪಿಕೊಳ್ಳಿ. ಪಾತ್ರಗಳು ಸಾಯಬಹುದೇ? ಪಾತ್ರಗಳು ಪರಸ್ಪರ ಕದಿಯಬಹುದೇ, ಹೊಡೆದಾಡಬಹುದೇ? ಒಬ್ಬರು ಬರದಿದ್ದರೆ ಆಟ ನಡೆಯುತ್ತದೆಯೇ? ಈ ಕೊನೆಯ ಪ್ರಶ್ನೆ ಬಾಲಿಶ ಎನಿಸಬಹುದು. ಆದರೆ ಕ್ಯಾಂಪೇನ್‌ಗಳನ್ನು ಕೊಲ್ಲುವುದು ಡ್ರ್ಯಾಗನ್‌ಗಿಂತ ಹೆಚ್ಚಾಗಿ ‘ಈ ಭಾನುವಾರ ಆಗಲ್ಲ ಕಣೋ’ ಎಂಬ ಮೆಸೇಜೇ. ಇಬ್ಬರ ತನಕ ಗೈರಾದರೂ ಆಟ ನಡೆಯುತ್ತದೆ ಎಂದು ಅವತ್ತೇ ತೀರ್ಮಾನಿಸಿ.

ಆಮೇಲೆ ಗಡಿಗಳು. ಆಟದಲ್ಲಿ ಬರಲೇಬಾರದ ವಿಷಯ ಯಾವುದು, ಬಂದರೂ ತೆರೆಮರೆಯಲ್ಲಿ ಆಗಿಹೋಗಬೇಕಾದದ್ದು ಯಾವುದು ಎಂದು ಕೇಳಿ. ಎಲ್ಲರೆದುರು ಹೇಳಲು ಸಂಕೋಚವಿದ್ದವರು ಚೀಟಿಯಲ್ಲಿ ಬರೆದುಕೊಡಲಿ. ಆಟದ ನಡುವೆ ಯಾರಿಗಾದರೂ ಕಸಿವಿಸಿಯಾದರೆ ಮುಟ್ಟಿ ನಿಲ್ಲಿಸಲು ಎಕ್ಸ್ ಎಂದು ಬರೆದ ಕಾರ್ಡನ್ನು ಮೇಜಿನ ನಡುವೆ ಇಡುವ ರೂಢಿ ಹಲವೆಡೆ ಇದೆ. ಮುಟ್ಟಿದವರನ್ನು ಕಾರಣ ಕೇಳಬಾರದು, ದೃಶ್ಯ ಬದಲಿಸಿ ಮುಂದೆ ಹೋಗಬೇಕು, ಅಷ್ಟೆ.

ಪಾತ್ರಗಳನ್ನು ಅಂದೇ ಒಟ್ಟಿಗೆ ಕೂತು ಕಟ್ಟಿ. ಮನೆಯಲ್ಲಿ ಒಬ್ಬೊಬ್ಬರೇ ಬರೆದುಕೊಂಡು ಬಂದರೆ ನಾಲ್ಕು ಜನ ಮೌನಿ ಒಂಟಿ ಹಂತಕರು ಮೇಜಿಗೆ ಬರುತ್ತಾರೆ. ಹತ್ತು ಪುಟದ ಪೂರ್ವಕಥೆಯೂ ಬೇಡ. ಪ್ರತಿ ಪಾತ್ರಕ್ಕೆ ಮೂರು ಉತ್ತರ ಸಾಕು: ನಿನಗೆ ಈಗ ಏನು ಬೇಕು? ಯಾರಿಗಾಗಿ ಜೀವ ಕೊಡುತ್ತೀಯ? ಯಾರಿಗೆ ಮುಖ ತೋರಿಸಲಾರೆ? ಜೊತೆಗೆ ಮೇಜಿನಲ್ಲಿರುವ ಕನಿಷ್ಠ ಒಂದು ಪಾತ್ರದೊಂದಿಗೆ ಹಳೆಯ ಋಣವೋ ಹಳೆಯ ಜಗಳವೋ ಇರಲಿ.

ಈ ಬರಹದುದ್ದಕ್ಕೂ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೈರ, ಸೈನ್ಯ ಬಿಟ್ಟು ಓಡಿಬಂದವನು, ಕಾಣೆಯಾದ ತಮ್ಮನನ್ನು ಹುಡುಕುತ್ತಿದ್ದಾನೆ. ಚಿಗುರಿ, ಬೇರು ನಾರು ಬಲ್ಲ ವೈದ್ಯೆ, ಒಂದು ಮಠದಿಂದ ಹೊರಹಾಕಲ್ಪಟ್ಟವಳು. ಸೂಜಿ, ಕಳ್ಳಿ, ತಲೆತುಂಬ ಸಾಲ. ಬೈರನನ್ನು ಅಡಗಿಸಿಟ್ಟು ಕಾಪಾಡಿದವಳು ಸೂಜಿ. ಆ ಋಣ ಇನ್ನೂ ತೀರಿಲ್ಲ.

ಹಂತ 3: ಒಂದು ಜಾಗ, ಒಂದು ಸಂಕಟ

ಖಂಡಗಳ ನಕ್ಷೆ, ಐದು ಸಾವಿರ ವರ್ಷದ ವಂಶಾವಳಿ, ದೇವತೆಗಳ ಪಟ್ಟಿ: ಬರೆಯಲು ಮಜವಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅದು ನಿಮ್ಮ ಹವ್ಯಾಸ, ಆಟದ ತಯಾರಿ ಅಲ್ಲ. ಆಟಗಾರರು ಮೊದಲ ನಾಲ್ಕು ಸೆಷನ್‌ನಲ್ಲಿ ಕಾಲಿಡುವ ಜಾಗವನ್ನಷ್ಟೇ ಕಟ್ಟಿ. ಒಂದು ಊರು, ಸುತ್ತ ನಾಲ್ಕೈದು ತಾಣ, ದಿನದಿನಕ್ಕೂ ಕೆಡುತ್ತಿರುವ ಒಂದು ಪರಿಸ್ಥಿತಿ.

ನಮ್ಮ ಉದಾಹರಣೆಯಲ್ಲಿ ಊರು ಕರಿಕೊಳ್ಳ. ಅದರ ಪಕ್ಕದ ಸರೋವರ ಕಾರಣವಿಲ್ಲದೆ ಇಳಿಯುತ್ತಿದೆ. ನೂರು ವರ್ಷದ ಹಿಂದೆ ಮುಳುಗಿದ್ದ ಹಳೆಯ ಪಟ್ಟಣದ ಗೋಪುರಗಳು ಒಂದೊಂದಾಗಿ ನೀರಿನಿಂದ ಮೇಲೇಳುತ್ತಿವೆ. ಈ ಸಂಕಟದ ಗುಣ ಗಮನಿಸಿ: ಕಣ್ಣಿಗೆ ಕಾಣುತ್ತದೆ, ತಾನಾಗಿ ನಿಲ್ಲುವುದಿಲ್ಲ, ಅದರಿಂದ ಕೆಲವರಿಗೆ ಲಾಭ, ಕೆಲವರಿಗೆ ಭಯ. ‘ಎಲ್ಲೋ ದೂರದಲ್ಲಿ ಒಬ್ಬ ದುಷ್ಟ ಮಾಂತ್ರಿಕ ಎಚ್ಚರಗೊಳ್ಳುತ್ತಿದ್ದಾನೆ’ ಎಂಬುದರಲ್ಲಿ ಈ ಯಾವ ಗುಣವೂ ಇಲ್ಲ.

ಹಂತ 4: ಬಣಗಳು ಮತ್ತು ಗಡಿಯಾರಗಳು

ಕ್ಯಾಂಪೇನ್‌ನ ಎಂಜಿನ್ ಇಲ್ಲಿದೆ. ನಿಮ್ಮ ತಯಾರಿಯ ಹೊತ್ತಿನಲ್ಲಿ ಅರ್ಧ ಇದಕ್ಕೇ ಹೋಗಲಿ.

ಆ ಸಂಕಟದ ಸುತ್ತ ಮೂರು ಬಣ ನಿಲ್ಲಿಸಿ. ಎರಡಾದರೆ ಒಳ್ಳೆಯವರು ಕೆಟ್ಟವರು ಎಂದು ಸೀಳಿಹೋಗುತ್ತದೆ, ಆಯ್ಕೆ ಸಲೀಸಾಗುತ್ತದೆ. ಮೂರಾದರೆ ಯಾರ ಕೈ ಹಿಡಿದರೂ ಇನ್ನಿಬ್ಬರ ಮುನಿಸು ಗ್ಯಾರಂಟಿ. ಪ್ರತಿ ಬಣಕ್ಕೂ ಒಂದು ಮುಖ ಕೊಡಿ, ಅಂದರೆ ಆಟಗಾರರು ಎದುರು ಕೂತು ಮಾತಾಡಬಲ್ಲ ಒಬ್ಬ ವ್ಯಕ್ತಿ. ಒಂದು ಬೇಡಿಕೆ ಕೊಡಿ. ಆ ಬೇಡಿಕೆಗೆ ಒಪ್ಪುವಂಥ ಕಾರಣ ಕೊಡಿ.

ಮಾಲವ್ವೆ ಕರಿಕೊಳ್ಳದ ಸುಂಕದ ಒಡತಿ. ಚಳಿಗಾಲದೊಳಗೆ ಹಳೆಯ ಪಟ್ಟಣದ ಬೊಕ್ಕಸ ಎತ್ತದಿದ್ದರೆ ಅವಳ ಕಾವಲು ಪಡೆಗೆ ಸಂಬಳವಿಲ್ಲ, ಪಡೆ ಇಲ್ಲದ ಊರನ್ನು ದರೋಡೆಕೋರರು ಬಿಡುವುದಿಲ್ಲ. ದೀಪಸಂಘದ ಹಿರಿಯ ಸನ್ಯಾಸಿಗೆ ಒಂದು ಗುಟ್ಟು ಗೊತ್ತು: ನೂರು ವರ್ಷದ ಹಿಂದೆ ಪಟ್ಟಣವನ್ನು ಮುಳುಗಿಸಿದ್ದು ಅವರ ಸಂಘವೇ. ಮೇಲಿನ ಕಟ್ಟೆ ಒಡೆದು ಸರೋವರವನ್ನು ಮತ್ತೆ ತುಂಬಿಸಬೇಕೆಂದಿದ್ದಾನೆ, ಇಂದಿನ ಕರಿಕೊಳ್ಳ ಕೊಚ್ಚಿಹೋದರೂ ಸರಿ. ಮೂರನೆಯವಳು ಇರುಳಾಂಬೆ, ಮುಳುಗಿ ಸತ್ತವರ ರಾಣಿ. ಅವಳಿಗೆ ಬೇಕಾದದ್ದು ನ್ಯಾಯ. ಕೊಂದವರ ಸಂತತಿ ಎದುರು ನಿಂತು ಒಪ್ಪಿಕೊಳ್ಳಬೇಕು.

ಇವರಲ್ಲಿ ಯಾರೂ ಪೂರ್ತಿ ತಪ್ಪಲ್ಲ, ಮೂವರೂ ಅಪಾಯಕಾರಿ. ಈಗ ಪ್ರತಿಯೊಬ್ಬರಿಗೂ ಒಂದು ಗಡಿಯಾರ ಬರೆಯಿರಿ: ಒಂದು ವೃತ್ತ, ಅದರಲ್ಲಿ ಆರು ಮನೆ. ಯಾರೂ ಅಡ್ಡಬರದಿದ್ದರೆ ಒಂದೊಂದು ಮನೆ ತುಂಬಿದಾಗಲೂ ಏನಾಗುತ್ತದೆ ಎಂದು ಒಂದೊಂದು ಸಾಲು. ದೀಪಸಂಘದ್ದು ಹೀಗಿರಬಹುದು: ಒಂದು, ಸನ್ಯಾಸಿಗಳು ಕಟ್ಟೆಯ ಹಾದಿ ಮುಚ್ಚುತ್ತಾರೆ. ಎರಡು, ಕಟ್ಟೆಯ ಕಾವಲುಗಾರ ಕಾಣೆಯಾಗುತ್ತಾನೆ. ಮೂರು, ಊರಿನಲ್ಲಿರುವ ತಮ್ಮವರನ್ನು ಸದ್ದಿಲ್ಲದೆ ಗುಡ್ಡಕ್ಕೆ ಸಾಗಿಸುತ್ತಾರೆ. ನಾಲ್ಕು, ಕಟ್ಟೆಯ ಬುಡದಲ್ಲಿ ಅಗೆತ. ಐದು, ಹಳ್ಳದ ನೀರು ಕೆಸರಾಗಿ ಹರಿಯುತ್ತದೆ. ಆರು, ಕಟ್ಟೆ ಒಡೆಯುತ್ತದೆ.

ಪ್ರತಿ ಸೆಷನ್ ಮುಗಿದ ಮೇಲೆ, ಆಟಗಾರರು ಮುಟ್ಟದ ಗಡಿಯಾರದಲ್ಲಿ ಒಂದು ಮನೆ ತುಂಬಿ. ಅವರು ಅಡ್ಡಿಪಡಿಸಿದ್ದರೆ ನಿಲ್ಲಿಸಿ, ಇಲ್ಲವೇ ಒಂದು ಮನೆ ಅಳಿಸಿ, ಇಲ್ಲವೇ ಆ ಬಣ ದಾರಿಯನ್ನೇ ಬದಲಿಸಲಿ. ಒಂದು ಷರತ್ತು: ತುಂಬಿದ ಪ್ರತಿ ಮನೆಯ ಪರಿಣಾಮ ಆಟಗಾರರ ಕಣ್ಣಿಗೋ ಕಿವಿಗೋ ಬೀಳಲೇಬೇಕು. ನಿಮ್ಮ ಪುಸ್ತಕದಲ್ಲಷ್ಟೇ ಓಡುವ ಗಡಿಯಾರದಿಂದ ಯಾರಿಗೂ ಉಪಯೋಗವಿಲ್ಲ, ಕೊನೆಗೆ ಕಟ್ಟೆ ಒಡೆದಾಗ ‘ಮೋಸ’ ಎನ್ನುತ್ತಾರೆ. ಅವರ ಮಾತು ಸರಿಯೇ ಆಗಿರುತ್ತದೆ.

ಆಮೇಲೆ ಪಾತ್ರಗಳನ್ನು ಬಣಗಳಿಗೆ ಹೆಣೆಯಿರಿ. ಬೈರನ ತಮ್ಮ ಮಾಲವ್ವೆಯ ಪಡೆಯಲ್ಲಿ ಮುಳುಗುಗಾರನಾಗಿದ್ದಾನೆ. ಚಿಗುರಿಯನ್ನು ಹೊರಹಾಕಿದ ಮಠ ದೀಪಸಂಘದ್ದೇ. ಸೂಜಿಗೆ ಸಾಲ ಕೊಟ್ಟವನಿಗೆ ಬೊಕ್ಕಸದಲ್ಲಿ ಪಾಲು ಬೇಕು. ಈ ಹೆಣಿಗೆಯಾದ ಮೇಲೆ ಆಟಗಾರರನ್ನು ಕಥೆಯೊಳಗೆ ಎಳೆಯಲು ಹೋಟೆಲ್ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕೂತ ಅಪರಿಚಿತ ಬೇಕಾಗುವುದಿಲ್ಲ. ಆ ಅಪರಿಚಿತನಿಗೆ ಇನ್ನಾದರೂ ನಿವೃತ್ತಿ ಕೊಡೋಣ.

ಹಂತ 5: ಮೊದಲ ಸೆಷನ್

ನಡೆಯುತ್ತಿರುವ ಘಟನೆಯ ನಡುವೆಯೇ ಶುರು ಮಾಡಿ. ಮೂವರೂ ಒಂದೇ ದೋಣಿಯಲ್ಲಿದ್ದಾರೆ, ನೀರಿನಡಿ ಗಂಟೆಯ ಸದ್ದು, ದೋಣಿಯ ತಳಕ್ಕೆ ಏನೋ ಬಡಿಯಿತು. ಏನು ಮಾಡುತ್ತೀರಿ? ಮೊದಲ ಹದಿನೈದು ನಿಮಿಷದೊಳಗೆ ಯಾರಾದರೂ ದಾಳ ಉರುಳಿಸಿರಬೇಕು. ಇತಿಹಾಸ ವಿವರಿಸುವ ಆಸೆ ಬಂದರೆ ನಾಲಿಗೆ ಕಚ್ಚಿಕೊಳ್ಳಿ.

ಸೆಷನ್ ಮುಗಿಯುವಷ್ಟರಲ್ಲಿ ಮೂರು ಬಣಗಳ ಸುಳಿವೂ ಒಮ್ಮೆಯಾದರೂ ಸಿಕ್ಕಿರಲಿ. ಕೊನೆಗೆ ಆಟಗಾರರನ್ನು ನೇರವಾಗಿ ಕೇಳಿ: ಮುಂದಿನ ಸಲ ಎಲ್ಲಿಗೆ ಹೋಗಬೇಕೆಂದಿದ್ದೀರಿ? ಈ ಒಂದು ಪ್ರಶ್ನೆಯಿಂದ ನಿಮ್ಮ ತಯಾರಿ ಅರ್ಧಕ್ಕರ್ಧ ಇಳಿಯುತ್ತದೆ.

ಹಂತ 6: ವಾರದ ತಯಾರಿ, ಒಂದು ಹಾಳೆ

ಒಂದು ಹಾಳೆಗೆ ಮೀರಿದ ತಯಾರಿ ಆಟದ ನಡುವೆ ಕಣ್ಣಿಗೇ ಬೀಳುವುದಿಲ್ಲ. ಹಾಳೆಯಲ್ಲಿ ಇರಬೇಕಾದ್ದು: ಕಳೆದ ಸಲ ತುಂಬಿದ ಗಡಿಯಾರಗಳ ಪರಿಣಾಮ, ಎದುರಾಗಬಹುದಾದ ಮೂರ್ನಾಲ್ಕು ಎನ್‌ಪಿಸಿಗಳು (ಆಟಗಾರರಲ್ಲ, ಗೇಮ್ ಮಾಸ್ಟರ್ ಆಡಿಸುವ ಪಾತ್ರಗಳು), ಎರಡು ಮೂರು ತಾಣಗಳ ವಾಸನೆ ಸದ್ದು ಸಹಿತ ಒಂದೆರಡು ವಿವರ, ಕಾಳಗಕ್ಕೆ ಬೇಕಾದ ಅಂಕಿಗಳು, ಮತ್ತು ಸುಮಾರು ಹತ್ತು ಸುಳಿವುಗಳು. ಹತ್ತು ಹೆಸರುಗಳ ಪಟ್ಟಿಯೊಂದನ್ನೂ ಬದಿಯಲ್ಲಿ ಬರೆದಿಟ್ಟುಕೊಳ್ಳಿ. ಆಟಗಾರರು ದಾರಿಹೋಕನ ಹೆಸರು ಕೇಳಿದಾಗ ನೀವು ತಡವರಿಸಿದರೆ, ಅವನು ಮುಖ್ಯನಲ್ಲ ಎಂದು ತಕ್ಷಣ ತಿಳಿದುಬಿಡುತ್ತದೆ.

ಎನ್‌ಪಿಸಿಗೆ ಮೂರು ಪದ ಸಾಕು: ಬೇಕಾದದ್ದು, ಭಯ, ಒಂದು ಚಾಳಿ. ‘ಕಟ್ಟೆ ಕಾವಲುಗಾರನ ಹೆಂಡತಿ, ಗಂಡ ಬೇಕು, ಸನ್ಯಾಸಿಗಳ ಭಯ, ಮಾತಾಡುತ್ತ ಸೆರಗಿನ ತುದಿ ಹಿಂಡುತ್ತಾಳೆ.’ ಬಗೆಬಗೆಯ ದನಿ ತೆಗೆಯಲು ಬರದಿದ್ದರೆ ಚಿಂತೆಯಿಲ್ಲ, ಚಾಳಿ ತೋರಿಸಿ.

ಸುಳಿವಿನ ವಿಷಯದಲ್ಲಿ ಒಂದು ಲೆಕ್ಕ ನೋಡಿ. ಐದನೇ ಆವೃತ್ತಿಯಲ್ಲಿ ಗುರಿ 15, ಪಾತ್ರದ ಬೋನಸ್ 5 ಅಂದರೆ ದಾಳದಲ್ಲಿ 10 ಅಥವಾ ಮೇಲೆ ಬೀಳಬೇಕು. ಗೆಲ್ಲುವ ಸಾಧ್ಯತೆ ಶೇ 55. ಕಥೆ ಮುಂದೆ ಹೋಗಲು ಬೇಕಾದ ಸತ್ಯವನ್ನು ಒಂದೇ ಬೀಗದ ಹಿಂದೆ ಇಟ್ಟರೆ, ಶೇ 45ರಷ್ಟು ಸಂದರ್ಭಗಳಲ್ಲಿ ನಿಮ್ಮ ಸಂಜೆ ಅಲ್ಲೇ ನಿಲ್ಲುತ್ತದೆ. ಅದೇ ಸತ್ಯಕ್ಕೆ ಮೂರು ಬೇರೆ ಬೇರೆ ದಾರಿ ಇಟ್ಟರೆ, ಮೂರೂ ತಪ್ಪಿಹೋಗುವ ಸಾಧ್ಯತೆ ಶೇ 9ಕ್ಕೆ ಇಳಿಯುತ್ತದೆ. ಆದ್ದರಿಂದ ‘ಪಟ್ಟಣ ಮುಳುಗಿಸಿದ್ದು ದೀಪಸಂಘ’ ಎಂಬುದು ಮಠದ ಕಡತದಲ್ಲೂ ಇರಲಿ, ಸತ್ತವರ ಬಾಯಲ್ಲೂ ಇರಲಿ, ಗೋಪುರದ ಬಾಗಿಲು ಹೊರಗಿನಿಂದ ಅಗುಳಿ ಹಾಕಿದ್ದರಲ್ಲೂ ಇರಲಿ. ಇನ್ನೂ ಒಳ್ಳೆಯದೆಂದರೆ ಸುಳಿವನ್ನು ಯಾವ ಜಾಗಕ್ಕೂ ಕಟ್ಟದಿರುವುದು. ಹಾಳೆಯಲ್ಲಿ ಸುಳಿವು ಮಾತ್ರ ಬರೆದಿಡಿ, ಆಟಗಾರರು ಎಲ್ಲಿ ಹುಡುಕುತ್ತಾರೋ ಅಲ್ಲಿಗೆ ಹೊಂದುವ ರೂಪದಲ್ಲಿ ಕೊಡಿ.

ಹಂತ 7: ಮೇಜಿನ ಮುಂದೆ

ಎಲ್ಲದಕ್ಕೂ ದಾಳ ಬೇಡ. ಸೋತರೆ ಏನಾಗುತ್ತದೆ ಎಂದು ನಿಮಗೆ ಹೊಳೆಯದಿದ್ದರೆ ಉರುಳಿಸಲು ಹೇಳಬೇಡಿ, ಆಯಿತು ಎಂದುಬಿಡಿ. ಉರುಳಿಸುವ ಮುನ್ನವೇ ಪಣ ಏನೆಂದು ಹೇಳಿದರೆ ಮೇಜಿನಲ್ಲಿ ಉಸಿರು ಬಿಗಿಯಾಗುತ್ತದೆ. ಸೋಲು ಎಂದರೆ ‘ಏನೂ ಆಗಲಿಲ್ಲ’ ಎಂದಾಗಬಾರದು, ಪರಿಸ್ಥಿತಿ ಬದಲಾಗಬೇಕು.

‘ಬೀಗ ತೆಗೀತೀನಿ,’ ಎನ್ನುತ್ತಾಳೆ ಸೂಜಿಯನ್ನು ಆಡುವಾಕೆ.
‘ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳ್ತಿದೆ. ಸೋತರೆ ಬೀಗ ತೆಗೆಯುತ್ತೆ, ಆದ್ರೆ ಅವರು ಬಾಗಿಲಿಗೆ ಬಂದ ಮೇಲೆ. ಉರುಳಿಸ್ತೀಯಾ?’
‘ಅಯ್ಯೋ. ಬೈರ, ನೀನು ಅವರನ್ನ ತಡಿ!’

ಈಗ ಒಂದು ಬೀಗದಿಂದ ಇಬ್ಬರಿಗೆ ಕೆಲಸ ಸಿಕ್ಕಿತು. ಆಟಗಾರರ ಉಪಾಯ ಜಾಣತನದ್ದಾದರೆ ಅಡ್ವಾಂಟೇಜ್ ಕೊಡಿ: ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. ಮೇಲಿನ ಶೇ 55, ಹೀಗೆ ಮಾಡಿದರೆ ಸುಮಾರು ಶೇ 80ಕ್ಕೆ ಏರುತ್ತದೆ.

ಕಾಳಗಗಳ ಬಗ್ಗೆ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ: ಎರಡೂ ಕಡೆಯವರು ಸಾಯುವ ತನಕ ಹೊಡೆದಾಡುವುದೊಂದೇ ಗುರಿಯಾದರೆ ಅದು ಬೇಸರದ ಲೆಕ್ಕಪತ್ರ. ಪ್ರತಿ ಕಾಳಗಕ್ಕೂ ಬೇರೊಂದು ಪಣ ಇಡಿ. ಗಂಟೆ ಮೂರನೇ ಬಾರಿ ಬಾರಿಸುವುದರೊಳಗೆ ಹಗ್ಗ ಕತ್ತರಿಸಬೇಕು. ಬೈರನ ತಮ್ಮ ಎದುರಾಳಿಗಳ ಸಾಲಿನಲ್ಲಿದ್ದಾನೆ. ಶತ್ರುಗಳೂ ಜೀವಭಯ ಇರುವವರೇ. ಅರ್ಧ ಮಂದಿ ಬಿದ್ದ ಮೇಲೆ ಉಳಿದವರು ಓಡಲಿ, ಶರಣಾಗಲಿ, ಚೌಕಾಸಿಗೆ ಇಳಿಯಲಿ. ಸೆರೆಸಿಕ್ಕ ಶತ್ರು ಸತ್ತ ಶತ್ರುವಿಗಿಂತ ಹತ್ತುಪಟ್ಟು ಕಥೆ ಹುಟ್ಟಿಸುತ್ತಾನೆ.

ಮಾತು ಯಾರ ಕೈಯಲ್ಲಿದೆ ಎಂದು ನೋಡುತ್ತಿರಿ. ಜೋರುಬಾಯಿಯವರನ್ನು ಗದರಿಸುವ ಅಗತ್ಯವಿಲ್ಲ, ದೃಶ್ಯವನ್ನು ತಿರುಗಿಸಿ: ‘ಅವನು ಬಾಗಿಲು ಒಡೆಯುವಾಗ ಚಿಗುರಿ ಎಲ್ಲಿದ್ದಾಳೆ?’ ಸುಮ್ಮನಿರುವ ಕೆಲವರು ನಿಜಕ್ಕೂ ಕೇಳುತ್ತ ಕೂರುವುದನ್ನೇ ಇಷ್ಟಪಡುತ್ತಾರೆ. ಅವರನ್ನು ಎಳೆದಾಡುವ ಬದಲು ಸೆಷನ್ನಿಗೆ ಒಂದಾದರೂ ಆಯ್ಕೆ ಅವರ ಕೈಯಲ್ಲೇ ನಿಲ್ಲುವಂತೆ ಮಾಡಿ.

ಹಂತ 8: ಅವರು ದಾರಿ ತಪ್ಪಿದಾಗ

ತಪ್ಪುವುದಿಲ್ಲ, ಏಕೆಂದರೆ ನೀವು ದಾರಿಯನ್ನೇ ಹಾಕಿಲ್ಲ. ಆಟಗಾರರು ಸರೋವರದ ಕಡೆ ತಲೆಯನ್ನೂ ಹಾಕದೆ ದರೋಡೆಕೋರರ ಬೆನ್ನು ಹತ್ತಿದರೆ ಹತ್ತಲಿ. ಗಡಿಯಾರಗಳು ಓಡುತ್ತಿರುತ್ತವೆ. ಅವರು ವಾಪಸಾದಾಗ ಕಾವಲುಗಾರ ಕಾಣೆಯಾಗಿದ್ದಾನೆ, ಹಳ್ಳ ಕೆಸರಾಗಿದೆ. ಆಗ ಪರಿಣಾಮ ಅವರದೇ ಆಯ್ಕೆಯಿಂದ ಬಂದದ್ದು, ನಿಮ್ಮ ಬಲವಂತದಿಂದಲ್ಲ.

ರೈಲ್‌ರೋಡಿಂಗ್ ಎಂದು ಬೈಯುವುದು ಆಟಗಾರರ ಆಯ್ಕೆಗೆ ಬೆಲೆಯಿಲ್ಲದಂತೆ ಮಾಡುವುದನ್ನು. ಎಡದ ಹಾದಿ ಹಿಡಿದರೂ ಬಲದ ಹಾದಿ ಹಿಡಿದರೂ ಅದೇ ಕೋಟೆ ಎದುರಾಗುವ ಯುಕ್ತಿಯನ್ನು ಕೆಲವರು ಸಮರ್ಥಿಸುತ್ತಾರೆ. ಹಾದಿಗಳ ನಡುವೆ ವ್ಯತ್ಯಾಸವೇ ಗೊತ್ತಿಲ್ಲದಿದ್ದರೆ ತೊಂದರೆಯಿಲ್ಲ ಎನ್ನಬಹುದು. ಆದರೆ ಕೋಟೆಯನ್ನು ತಪ್ಪಿಸಲೆಂದೇ ವಿಚಾರಿಸಿ ಬಲಕ್ಕೆ ತಿರುಗಿದವರ ಮುಂದೆ ಅದೇ ಕೋಟೆ ಇಡುವುದು ವಂಚನೆಯೇ.

ನಡುವೆ ಏನೂ ತೋಚದಿದ್ದರೆ ಹತ್ತು ನಿಮಿಷ ವಿರಾಮ ಕೊಡಿ. ನಿಜವಾಗಿಯೂ. ಹಾಳೆ ತೆಗೆದು ಯಾವ ಬಣ ಈ ಸುದ್ದಿ ಕೇಳಿ ಕೆರಳುತ್ತದೆ ಎಂದು ನೋಡಿದರೆ ಮುಂದಿನ ದೃಶ್ಯ ಅಲ್ಲೇ ಇರುತ್ತದೆ.

ಹಂತ 9: ಸೆಷನ್‌ಗಳ ನಡುವೆ

ಮುಗಿದ ರಾತ್ರಿಯೇ ಐದು ಸಾಲು ಬರೆದಿಡಿ: ಯಾರಿಗೆ ಏನು ಮಾತು ಕೊಟ್ಟರು, ಯಾರನ್ನು ಕೊಂದರು, ಯಾರಿಗೆ ಸುಳ್ಳು ಹೇಳಿದರು. ಮರೆತ ಮಾತುಗಳು ಆರನೇ ಸೆಷನ್‌ನಲ್ಲಿ ವಾಪಸು ಬಂದಾಗ ಆಟಗಾರರು ನೀವು ಮೊದಲೇ ಎಲ್ಲ ಯೋಜಿಸಿದ್ದಿರಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ.

ಮುಂದಿನ ಸೆಷನ್ನಿನ ಆರಂಭದಲ್ಲಿ ಹಿಂದಿನ ಕಥೆಯನ್ನು ಆಟಗಾರರೇ ಹೇಳಲಿ, ಸರದಿಯ ಮೇಲೆ. ಅವರು ಬಿಟ್ಟುಬಿಟ್ಟ ಭಾಗ ಅವರಿಗೆ ನಾಟಲಿಲ್ಲ, ಹಿಗ್ಗಿಸಿ ಹೇಳಿದ್ದು ನಾಟಿದೆ. ಮುಂದೆ ಯಾವುದಕ್ಕೆ ನೀರೆರೆಯಬೇಕೆಂದು ಇದಕ್ಕಿಂತ ಚೆನ್ನಾಗಿ ಯಾವ ಪ್ರಶ್ನಾವಳಿಯೂ ಹೇಳುವುದಿಲ್ಲ.

ಎಂಟು ಹತ್ತು ಸೆಷನ್ ಆದ ಮೇಲೆ ಸಾಮಾನ್ಯವಾಗಿ ಒಂದು ಮಂಕು ಕವಿಯುತ್ತದೆ. ಎಳೆಗಳು ಹೆಚ್ಚಾಗಿ ಯಾರಿಗೂ ನೆನಪಿರುವುದಿಲ್ಲ. ಆಗ ಹೊಸ ಗುಟ್ಟು ಸೇರಿಸಬೇಡಿ. ಇರುವ ಗುಟ್ಟೊಂದನ್ನು ಬಯಲು ಮಾಡಿ. ಗುಟ್ಟು ಜೋಪಾನ ಮಾಡುವ ಗೇಮ್ ಮಾಸ್ಟರ್‌ಗಿಂತ ಬೇಗ ಖರ್ಚು ಮಾಡುವವರ ಮೇಜೇ ಬಿಸಿಯಾಗಿರುತ್ತದೆ.

ಹಂತ 10: ಮುಗಿಸುವುದು

ಬಹಳಷ್ಟು ಕ್ಯಾಂಪೇನ್‌ಗಳು ಮುಗಿಯುವುದಿಲ್ಲ, ನಿಂತುಹೋಗುತ್ತವೆ. ಹಾಗಾಗಿ ಅಂತ್ಯವನ್ನು ಮೊದಲೇ ಸಾರಿ: ‘ಇನ್ನು ಮೂರು ಸೆಷನ್.’ ಆ ಮಾತು ಕೇಳಿದ ಕೂಡಲೇ ಆಟಗಾರರೂ ಕೂಡಿಟ್ಟ ಮದ್ದು, ಮಂತ್ರ, ಋಣ ಎಲ್ಲವನ್ನೂ ಖರ್ಚು ಮಾಡಲು ಶುರುಮಾಡುತ್ತಾರೆ. ಹೊಸ ಎನ್‌ಪಿಸಿ ತರುವುದನ್ನು ನಿಲ್ಲಿಸಿ. ಗಡಿಯಾರಗಳನ್ನು ಎರಡೆರಡು ಮನೆ ಓಡಿಸಿ, ಮೂರು ಬಣಗಳೂ ಒಂದೇ ಜಾಗದಲ್ಲಿ, ಅಂದರೆ ಕಟ್ಟೆಯ ಮೇಲೆ, ಡಿಕ್ಕಿ ಹೊಡೆಯುವಂತೆ ಮಾಡಿ. ಯಾರು ಗೆಲ್ಲಬೇಕೆಂದು ಮಾತ್ರ ತೀರ್ಮಾನಿಸಬೇಡಿ. ಊರು ಉಳಿಯುತ್ತದೆಯೋ, ಸತ್ತವರಿಗೆ ನ್ಯಾಯ ಸಿಗುತ್ತದೆಯೋ, ಎರಡೂ ತಪ್ಪುತ್ತದೆಯೋ, ಅದು ಆ ಮೂವರ ಆಯ್ಕೆ ಮತ್ತು ದಾಳಕ್ಕೆ ಬಿಟ್ಟದ್ದು.

ಕೊನೆಯ ಸೆಷನ್ನಿನ ಅರ್ಧ ಗಂಟೆ ಉಪಸಂಹಾರಕ್ಕೆ ಮೀಸಲಿಡಿ. ಒಂದು ವರ್ಷದ ನಂತರ ನಿಮ್ಮ ಪಾತ್ರ ಎಲ್ಲಿದೆ ಎಂದು ಒಬ್ಬೊಬ್ಬರನ್ನೂ ಕೇಳಿ. ಉತ್ತರ ಅವರದೇ, ನಿಮ್ಮ ತಿದ್ದುಪಡಿ ಬೇಡ. ನಡುವೆ ಪಾತ್ರ ಕಳೆದುಕೊಂಡು ಹೊಸದು ಆಡಿದವರಿಗೆ ಎರಡಕ್ಕೂ ಅವಕಾಶ ಕೊಡಿ.

ಮುಂದಿನ ಕ್ಯಾಂಪೇನ್ ಮರುವಾರವೇ ಶುರುಮಾಡುವುದು ಬೇಡ. ಗುಂಪಿನಲ್ಲಿ ಬೇರೊಬ್ಬರು ಒಂದೆರಡು ಒನ್‌ಶಾಟ್ ನಡೆಸಲಿ, ನೀವು ಕ್ಯಾರೆಕ್ಟರ್ ಶೀಟ್ ಹಿಡಿದು ಈಚೆ ಬದಿಯಲ್ಲಿ ಕೂರಿ. ಗೇಮ್ ಮಾಸ್ಟರ್ ಮಾಡುವ ಯಾವ ಕೆಲಸ ಆಟಗಾರರಿಗೆ ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ ಎಂಬುದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.